ನೀವು ಯಾರ ಕಡೆ?

2022ರ ನವೆಂಬರ್ ತಿಂಗಳು. ಕತಾರಿನಲ್ಲಿ ಫುಟ್ಬಾಲ್ ವಿಶ್ವಕಪ್ ಶುರುವಾಗಲು ಕೆಲವೇ ದಿನಗಳಿದ್ದವು. ದೋಹಾದಲ್ಲಿರುವ ತಂಗಿಯ ಮಗನ ಫೋನ್ ಬಂತು. ಅವನು ಅಲ್ಲಿನ ಒಂದು ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಸಾಮಾನ್ಯವಾಗಿ ಫೋನ್ ಮಾಡುವುದು ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ. ಅಂದು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದದ್ದರಿಂದ ತಂಗಿ ಗಾಬರಿಯಾದಳು. ಸ್ಪೀಕರ್ ಹಾಕಿ ನಾವೆಲ್ಲ ಸುತ್ತ ಕುಳಿತೆವು.

"ಮಾಮ, ನಾನು ಯಾವಾಗಿನಿಂದ ಅರ್ಜೆಂಟೀನಾ?" ಎಂದು ಕೇಳಿದ.

"ಮೂರನೇ ಕ್ಲಾಸಿನಿಂದ. ಯಾಕೋ?"

"ಮತ್ತೆ ನಮ್ಮನ್ನು ದುಡ್ಡು ಕೊಟ್ಟು ಕರೆತಂದವರು ಅಂತ ಯಾಕೆ ಬರೆಯುತ್ತಾರೆ?"

ವಿಷಯ ನಿಧಾನವಾಗಿ ತಿಳಿಯಿತು. ದೋಹಾದ ಕಡಲ ದಂಡೆಯ ರಸ್ತೆಯಲ್ಲಿ ಬೇರೆ ಬೇರೆ ದೇಶಗಳ ಅಂಗಿ ತೊಟ್ಟ ಅಭಿಮಾನಿಗಳ ಮೆರವಣಿಗೆ ನಡೆದಿತ್ತು. ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಬಾವುಟಗಳು, ಚೆಂಡೆ, ಕುಣಿತ. ಬಾವುಟ ಹಿಡಿದವರಲ್ಲಿ ಬಹಳಷ್ಟು ಮಂದಿ ಮಲಯಾಳಿಗಳು. ನಮ್ಮ ಹುಡುಗನಂತೆ ಕರಾವಳಿಯ ಕೆಲವರೂ ಸೇರಿಕೊಂಡಿದ್ದರು. ಆ ವೀಡಿಯೊ ನೋಡಿದ ಯುರೋಪಿನ ಕೆಲವು ಪತ್ರಿಕೆಗಳಿಗೆ ಸಂಶಯ ಬಂತು. ಇಂಗ್ಲೆಂಡಿನ ಅಂಗಿಯಲ್ಲಿ ಇರುವವನು ಇಂಗ್ಲಿಷನಂತೆ ಕಾಣುವುದಿಲ್ಲವಲ್ಲ, ಇವರು ಬಾಡಿಗೆ ಅಭಿಮಾನಿಗಳಲ್ಲವೇ ಎಂದು ಕೇಳಿದರು. ಸಂಘಟಕರು ಅದನ್ನು ನಿರಾಕರಿಸಿದರು. ಇದು ಶುದ್ಧ ಜನಾಂಗೀಯತೆ ಎಂದು ಫಿಫಾ ಅಧ್ಯಕ್ಷರು ಹೇಳಿದರು. ಅವರ ರಾಜಕೀಯ ಅವರಿಗಿರಲಿ. ನಮ್ಮ ಹುಡುಗನಿಗೆ ಅದ್ಯಾವುದೂ ಬೇಕಿರಲಿಲ್ಲ. ತಾನು ಸುಳ್ಳಲ್ಲ ಎಂದು ಯಾರಾದರೂ ಹೇಳಬೇಕಿತ್ತು, ಅಷ್ಟೆ.

ನಾವು ಸಾಕ್ಷಿ ಹೇಳಬಲ್ಲೆವು. ಅವನು ಅರ್ಜೆಂಟೀನಾ ಆದದ್ದು 2002ರಲ್ಲಿ. ಆ ವರ್ಷ ಅರ್ಜೆಂಟೀನಾ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು, ಕಪ್ ಗೆದ್ದದ್ದು ಬ್ರೆಜಿಲ್. ಎಂಟು ವರ್ಷದ ಹುಡುಗ ಗೆದ್ದವರನ್ನು ಬಿಟ್ಟು ಸೋತವರನ್ನು ಹಿಡಿದುಕೊಂಡ. ಬಾಡಿಗೆಗೆ ಬರುವವರು ಹೀಗೆ ಮಾಡುವುದಿಲ್ಲ.

ಆದರೆ ಯಾಕೆ ಹಿಡಿದುಕೊಂಡ? ಅದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಮನೆಯ ಕತೆಯನ್ನೇ ಹೇಳಬೇಕಾಗುತ್ತದೆ.

1986ರಲ್ಲಿ ನಮ್ಮ ಓಣಿಯಲ್ಲಿ ಇದ್ದದ್ದು ಒಂದೇ ಟಿ.ವಿ. ಒಬ್ಬ ಜವಳಿ ವ್ಯಾಪಾರಿಯ ಮನೆಯ ಕಪ್ಪು-ಬಿಳುಪು ಪೆಟ್ಟಿಗೆ. ಮೆಕ್ಸಿಕೋದ ನಡು ಮಧ್ಯಾಹ್ನದ ಆಟ ನಮಗೆ ರಾತ್ರಿ ಹನ್ನೊಂದೂವರೆಗೆ. ಜೂನ್ ತಿಂಗಳ ಮಳೆ, ಆಗಾಗ ಹೋಗುವ ಕರೆಂಟು, ಹೊರಗೆ ಮಾಡಿನಿಂದ ಇಳಿಯುವ ನೀರು. ನಾವು ತಮ್ಮಂದಿರೆಲ್ಲ ನೆಲದಲ್ಲಿ, ದೊಡ್ಡಣ್ಣ ಗೋಡೆಗೆ ಒರಗಿ. ದೊಡ್ಡಣ್ಣ ಬ್ರೆಜಿಲ್. ಪೇಲೆಯ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಂಡಿದ್ದವನು. 1977ರಲ್ಲಿ ಪೇಲೆ ಕೋಲ್ಕತಾಕ್ಕೆ ಬಂದು ಮೋಹನ್ ಬಾಗಾನ್ ವಿರುದ್ಧ ಆಡಿದ್ದನ್ನು ತಾನೇ ನೋಡಿದಂತೆ ಹೇಳುತ್ತಿದ್ದ. ಜೂನ್ 21ರಂದು ಅವನ ಬ್ರೆಜಿಲ್ ಫ್ರಾನ್ಸಿನ ಎದುರು ಪೆನಾಲ್ಟಿಯಲ್ಲಿ ಸೋತಿತು. ಅವನು ಮಾತಿಲ್ಲದೆ ಎದ್ದು ಮಳೆಯಲ್ಲೇ ಮನೆಗೆ ನಡೆದ.

ಮರುದಿನ ರಾತ್ರಿ ಅರ್ಜೆಂಟೀನಾ, ಎದುರಿಗೆ ಇಂಗ್ಲೆಂಡ್. ಮರಡೋನಾ ಕೈಯಿಂದ ಒಂದು ಗೋಲು ಹೊಡೆದ. ನಾಲ್ಕೇ ನಿಮಿಷಗಳಲ್ಲಿ, ಅರ್ಧ ಮೈದಾನದಾಚೆಯಿಂದ ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗಿ ಕಾಲಿನಿಂದ ಇನ್ನೊಂದು ಹೊಡೆದ. ಮೊದಲನೆಯದು ಮೋಸ ಎಂದು ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಎರಡನೆಯದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1982ರಲ್ಲಿ ಈ ಎರಡು ದೇಶಗಳು ಫಾಕ್ಲೆಂಡ್ ದ್ವೀಪಗಳಿಗಾಗಿ ಯುದ್ಧ ಮಾಡಿದ್ದವು, ಅದರಲ್ಲಿ 900ಕ್ಕೂ ಹೆಚ್ಚು ಮಂದಿ ಸತ್ತಿದ್ದರು ಎಂಬುದೂ ನಮಗೆ ತಿಳಿದಿರಲಿಲ್ಲ. ಮನೆಯ ಯಜಮಾನರು ಮಾತ್ರ, "ಬ್ರಿಟಿಷರಿಗೆ ಹೀಗೇ ಆಗಬೇಕು" ಎಂದರು. ಆ ಒಂದು ಮಾತು, ಆ ಒಂದು ಓಟ, ಜೊತೆಗೆ ದೊಡ್ಡಣ್ಣನ ಪಕ್ಷಕ್ಕೆ ಎದುರಾಗಿ ಒಂದು ಪಕ್ಷ ಬೇಕೆಂಬ ತಮ್ಮಂದಿರ ಹಠ. ಈ ಮೂರು ಸೇರಿ ನಾವು ಅರ್ಜೆಂಟೀನಾ ಆದೆವು. ಅವರ ಅಂಗಿಯ ಪಟ್ಟೆಗಳು ತಿಳಿನೀಲಿ ಎಂದು ಗೊತ್ತಾದದ್ದು ಬಹಳ ದಿನಗಳ ನಂತರ. ಬಣ್ಣವನ್ನೇ ನೋಡದೆ ನಾವು ಆ ಬಣ್ಣದವರಾಗಿದ್ದೆವು.

ಇದರಲ್ಲಿ ಆಲೋಚಿಸಿ ಆರಿಸಿಕೊಂಡದ್ದು ಏನಿತ್ತು? ಹೆಚ್ಚಿನ ಅಭಿಮಾನಿಗಳ ಕತೆ ಹೀಗೆಯೇ. ತಂದೆ ಯಾರ ಕಡೆಯೋ, ಅಣ್ಣ ಯಾರ ಕಡೆಯೋ, ಅಂದು ರಾತ್ರಿ ಯಾರ ಮನೆಯ ಜಗಲಿಯಲ್ಲಿ ಕುಳಿತಿದ್ದೆವೋ ಅದರ ಮೇಲೆ ಎಲ್ಲ ನಿಂತಿರುತ್ತದೆ. ಕಾರಣಗಳನ್ನು ನಾವು ಹುಡುಕಿಕೊಳ್ಳುವುದು ಆಮೇಲೆ.

ಆದರೆ ಅದೇ 1986ರಲ್ಲಿ, ವಿಶ್ವಕಪ್ಪಿಗೆ ಸುಮಾರು ಒಂದೂವರೆ ತಿಂಗಳು ಮೊದಲು, ಇನ್ನೊಂದು ಆಟದ ಮರುದಿನ ನಮ್ಮನ್ನು ಒಂದು ಪ್ರಶ್ನೆ ಕೇಳಲಾಗಿತ್ತು. ಏಪ್ರಿಲ್ 18ರಂದು ಶಾರ್ಜಾದಲ್ಲಿ ಜಾವೇದ್ ಮಿಯಾಂದಾದ್ ಕೊನೆಯ ಎಸೆತಕ್ಕೆ ಸಿಕ್ಸರ್ ಎತ್ತಿ ಭಾರತವನ್ನು ಸೋಲಿಸಿದ್ದರು. ಆ ರಾತ್ರಿ ನಮ್ಮಲ್ಲಿ ಕಿರಿಯವನು ಊಟ ಮಾಡಿರಲಿಲ್ಲ. ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ, ನಮ್ಮನ್ನು ಚಿಕ್ಕಂದಿನಿಂದ ಬಲ್ಲ ಹಿರಿಯರೊಬ್ಬರು ನಗುತ್ತಾ ಕೇಳಿದರು: "ಏನಪ್ಪಾ, ನಿಮಗೆಲ್ಲ ನಿನ್ನೆ ಖುಷಿಯಾಗಿರಬೇಕಲ್ಲ?"

ಅವರು ಕೆಟ್ಟವರಲ್ಲ. ನಮ್ಮ ಮನೆಯ ಮದುವೆಗೆ ಬಂದು ಉಂಡು ಹೋದವರು. ಆದ್ದರಿಂದಲೇ ಆ ಮಾತು ಇವತ್ತಿಗೂ ಮರೆತಿಲ್ಲ. "ಇಲ್ಲ, ನಮಗೂ ಬೇಸರವಾಯಿತು" ಎಂದು ಹೇಳಿದ್ದರೆ ಅದು ಸಮಜಾಯಿಷಿಯಂತೆ ಕೇಳುತ್ತಿತ್ತು. ಸುಮ್ಮನಿದ್ದರೆ ಒಪ್ಪಿಕೊಂಡಂತೆ. ನಾವು ಸುಮ್ಮನಿದ್ದೆವು. ಮನೆಗೆ ಬಂದ ಮೇಲೂ ಅದರ ಬಗ್ಗೆ ಮಾತಾಡಲಿಲ್ಲ.

ಫುಟ್ಬಾಲ್ ನಮಗೆ ಅಷ್ಟು ಹತ್ತಿರವಾದದ್ದು ಯಾಕೆಂದು ಈಗ ಅರ್ಥವಾಗುತ್ತದೆ. ವಿಶ್ವಕಪ್ಪಿನಲ್ಲಿ ಭಾರತವೂ ಇರಲಿಲ್ಲ, ಪಾಕಿಸ್ತಾನವೂ ಇರಲಿಲ್ಲ. ಅಲ್ಲಿ ನಾವು ಸಾವಿರಾರು ಮೈಲಿ ದೂರದ ದೇಶವೊಂದಕ್ಕಾಗಿ ಕಿರುಚಬಹುದಿತ್ತು, ಅಳಬಹುದಿತ್ತು, ಗೆದ್ದಾಗ ಪಟಾಕಿ ಸಿಡಿಸಬಹುದಿತ್ತು. "ನೀವು ಯಾರ ಕಡೆ?" ಎಂದು ಅಲ್ಲಿಯೂ ಕೇಳುತ್ತಿದ್ದರು. ಆದರೆ ಅದು ಊರಿನ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ. ಉತ್ತರ ಹೇಳಿದ ಮೇಲೆ ಜಗಳವಾಗಬಹುದು, ಸಂಶಯವಿಲ್ಲ.

ಹಾಗೆಂದು ಫುಟ್ಬಾಲ್ ಯಾವತ್ತೂ ಹೀಗೆ ನಿಷ್ಕಪಟವಾಗಿತ್ತು ಎಂದಲ್ಲ. ನಮ್ಮ ದೇಶದಲ್ಲೇ ನೋಡಿ. 1911ರಲ್ಲಿ ಮೋಹನ್ ಬಾಗಾನ್ ಆಟಗಾರರು ಹೆಚ್ಚಿನವರು ಬರಿಗಾಲಲ್ಲೇ ಆಡಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಅದು ಬರಿಯ ಆಟದ ಗೆಲುವಾಗಿ ಉಳಿಯಲಿಲ್ಲ. 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡವಾಯಿತು, 1938ರವರೆಗೆ ಐದು ವರ್ಷ ಸತತವಾಗಿ ಗೆದ್ದಿತು. ಆ ತಂಡ ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡಿತ್ತು. 1937 ಮತ್ತು 1938ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದಕ್ಕೆ ಮೊದಲು ಆ ಕಪ್ ಬ್ರಿಟಿಷ್ ಸೇನೆಯ ತಂಡಗಳ ಸೊತ್ತಿನಂತೆ ಇತ್ತು. ನಮ್ಮ ಹಿಂದಿನ ತಲೆಮಾರಿನವರಿಗೆ ಈ ಹೆಸರುಗಳು ಎದೆಯುಬ್ಬಿಸುವ ಹೆಸರುಗಳಾಗಿದ್ದವು. ದಬ್ಬಿಸಿಕೊಂಡವರಿಗೆ ತಲೆಯೆತ್ತಲು ಒಂದು ಮೈದಾನ ಸಿಕ್ಕಿತ್ತು. ಆದರೆ ಕಾಲ ಕೆಟ್ಟದಾಗುತ್ತಾ ಬಂದಂತೆ, 1940ರ ದಶಕದಲ್ಲಿ, ಸಮುದಾಯದ ಹೆಸರಿನ ತಂಡ ಎಂದರೆ ಸಮುದಾಯದ ರಾಜಕೀಯವೂ ಹೌದು ಎಂದಾಯಿತು.

ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬರಿಗೈಯಲ್ಲಿ ಬಂದ ನಿರಾಶ್ರಿತರಿಗೆ ಈಸ್ಟ್ ಬೆಂಗಾಲ್ ತಂಡವೇ ಕಳೆದುಹೋದ ಊರಾಯಿತು. ಇವರು ಗೆದ್ದರೆ ಮನೆಯಲ್ಲಿ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದರೆ ಸೀಗಡಿ. ಮೀನಿನ ಸಾರಿನಲ್ಲಿ ಮುಗಿಯುವ ಜಗಳ ಚಂದ. ಆದರೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ಎರಡು ತಂಡಗಳ ಪಂದ್ಯದಲ್ಲಿ ಗಲಭೆ, ನೂಕುನುಗ್ಗಲಾಗಿ 16 ಮಂದಿ ಅಭಿಮಾನಿಗಳು ಸತ್ತರು. ಅವರಲ್ಲಿ ಯಾರೂ ಸಾಯಲು ಹೋದವರಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೂ ಇಂಥದೇ ಒಂದು ಕತೆಯಿದೆ. ಹಸಿವಿನಿಂದ ಊರು ಬಿಟ್ಟು ಬಂದ ಐರಿಷ್ ಕ್ಯಾಥೊಲಿಕ್ ಬಡವರ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸಬೇಕೆಂದು ಒಬ್ಬ ಧಾರ್ಮಿಕ ಬ್ರದರ್ 1887ರಲ್ಲಿ ಸೆಲ್ಟಿಕ್ ತಂಡ ಕಟ್ಟಿದರು. ಕಾಲಕ್ರಮದಲ್ಲಿ ಎದುರು ತಂಡವಾದ ರೇಂಜರ್ಸ್ ಪ್ರಾಟೆಸ್ಟಂಟರ ತಂಡವೆನಿಸಿತು. ಅನ್ನ ಹಾಕಲು ಹುಟ್ಟಿದ ತಂಡದ ಹೆಸರಿನಲ್ಲಿ ತಲೆಗಳು ಒಡೆದವು. ಅದೇ ಸೆಲ್ಟಿಕ್ ಪರವಾಗಿ 1936ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗಿನ ಮೊಹಮ್ಮದ್ ಸಲೀಂ ಎರಡು ಪಂದ್ಯ ಆಡಿದರು. ಬೂಟು ಹಾಕದೆ, ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು. ಕ್ಯಾಥೊಲಿಕರ ತಂಡಕ್ಕೆ ಕಲ್ಕತ್ತಾದ ಮುಸ್ಲಿಮನೊಬ್ಬ ಆಡಿದ. ಅಲ್ಲಿನವರು ಅವರ ಕಾಲನ್ನು ನೋಡಿ ಬೆರಗಾದರು. ಊರಿನ ನೆನಪು ಕಾಡಿ ಸಲೀಂ ವಾಪಸು ಬಂದರು.

ಹೀಗೆ ನೋಡಿದರೆ ತಂಡವೆಂದರೆ ಕೆಲವರಿಗೆ ಊರು, ಕೆಲವರಿಗೆ ಧರ್ಮ, ಕೆಲವರಿಗೆ ಹಳೆಯ ಗಾಯ. ಇದರಲ್ಲಿ ತಪ್ಪಿಲ್ಲ. ತಪ್ಪು ಶುರುವಾಗುವುದು ಒಬ್ಬನ ತಂಡವನ್ನು ನೋಡಿ ಅವನ ನಿಯತ್ತನ್ನು ಅಳೆಯಲು ಹೊರಟಾಗ.

1990ರಲ್ಲಿ ಇದಕ್ಕೆ ಎರಡು ಉದಾಹರಣೆಗಳು ಮೂರು ತಿಂಗಳ ಅಂತರದಲ್ಲಿ ಸಿಕ್ಕಿದವು. ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್, ನಮ್ಮ ಉಪಖಂಡದಿಂದ ಹೋಗಿ ನೆಲೆಸಿದವರು ಕ್ರಿಕೆಟ್ಟಿನಲ್ಲಿ ಯಾರನ್ನು ಬೆಂಬಲಿಸುತ್ತಾರೆ ಎಂಬುದನ್ನೇ ಒಂದು ಪರೀಕ್ಷೆಯಾಗಿ ಮುಂದಿಟ್ಟರು. ನಮ್ಮ ಕ್ಷೌರದಂಗಡಿಯ ಪ್ರಶ್ನೆ ಲಂಡನ್ನಿನಲ್ಲೂ ಇದೆ ಎಂದು ಆಗ ತಿಳಿಯಿತು. ಜುಲೈ 3ರಂದು ಇಟಲಿಯ ನೇಪಲ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಇಟಲಿ ಮತ್ತು ಅರ್ಜೆಂಟೀನಾ. ಮರಡೋನಾ ಅದೇ ನೇಪಲ್ಸ್ ನಗರದ ತಂಡಕ್ಕೆ 1987 ಮತ್ತು 1990ರಲ್ಲಿ ಲೀಗ್ ಗೆದ್ದುಕೊಟ್ಟವನು. ನೇಪಲ್ಸ್ ದಕ್ಷಿಣದ ಬಡ ನಗರ, ಉತ್ತರ ಇಟಲಿಯವರ ಬಾಯಲ್ಲಿ ಸದಾ ತಾತ್ಸಾರಕ್ಕೆ ಗುರಿಯಾದದ್ದು. ಪಂದ್ಯಕ್ಕೆ ಮೊದಲು ಮರಡೋನಾ ಆ ಊರಿನವರಿಗೆ ಹೇಳಿದ: ವರ್ಷವಿಡೀ ನಿಮ್ಮನ್ನು ಹೊರಗಿನವರಂತೆ ಕಾಣುವವರು ಇವತ್ತೊಂದು ದಿನ ನೀವು ಇಟಾಲಿಯನ್ನರಾಗಬೇಕು ಎನ್ನುತ್ತಿದ್ದಾರೆ.

ಆ ಊರಿನವರ ಸಂಕಟ ಎಂಥದ್ದಿರಬಹುದು! ಮರಡೋನಾ, ನಿನ್ನನ್ನು ನೇಪಲ್ಸ್ ಪ್ರೀತಿಸುತ್ತದೆ, ಆದರೆ ನಮ್ಮ ದೇಶ ಇಟಲಿ ಎಂಬ ಅರ್ಥದ ಬ್ಯಾನರ್ ಅಲ್ಲಿ ಕಾಣಿಸಿತು. ಅವರು ದೇಶವನ್ನು ಬಿಡಲಿಲ್ಲ, ಅವನನ್ನೂ ದೂರ ಮಾಡಲಿಲ್ಲ. ಅರ್ಜೆಂಟೀನಾದ ರಾಷ್ಟ್ರಗೀತೆಗೆ ಅಲ್ಲಿ ಶಿಳ್ಳೆಯ ಅವಮಾನವಾಗಲಿಲ್ಲ. ಐದು ದಿನಗಳ ನಂತರ ರೋಮಿನ ಫೈನಲಿನಲ್ಲಿ ಆಯಿತು. ಪೆನಾಲ್ಟಿಯಲ್ಲಿ ಇಟಲಿ ಸೋತ ಆ ರಾತ್ರಿ ನಾವು ನಮ್ಮ ಓಣಿಯಲ್ಲಿ ಕುಣಿದೆವು. ಆ ಬ್ಯಾನರಿನ ಬೆಲೆ ತಿಳಿಯಲು ನಮಗೆ ವಯಸ್ಸಾಗಬೇಕಾಯಿತು. ಒಂದು ಎದೆಯಲ್ಲಿ ಎರಡು ಪ್ರೀತಿಗಳು ಇರಬಹುದು ಎಂದು ಆ ಜನ ಯಾರಿಗೂ ಹೆದರದೆ ಬರೆದು ಹಾಕಿದ್ದರು.

ಈಗ 2022ಕ್ಕೆ ಮರಳೋಣ. ಆ ವರ್ಷ ಕೇರಳದ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿ, ನೇಮಾರ್, ರೊನಾಲ್ಡೊರ ಆಳೆತ್ತರದ ಎಷ್ಟೋ ಪಟ್ಟು ದೊಡ್ಡ ಕಟೌಟುಗಳು ನಿಂತವು. ನಮ್ಮ ಓಣಿಯಲ್ಲೂ ಬಾವುಟಗಳ ಪೈಪೋಟಿ. ನವೆಂಬರ್ ಕೊನೆಗೆ ಕೇರಳದ ಸಮಸ್ತದ ಖತೀಬರ ಸಂಘಟನೆ ಒಂದು ಎಚ್ಚರಿಕೆ ಕೊಟ್ಟಿತು: ಆಟದ ಹುಚ್ಚಿನಲ್ಲಿ ನಮಾಝ್ ತಪ್ಪಬಾರದು, ದುಂದುವೆಚ್ಚ ಸಲ್ಲದು, ನಮ್ಮ ಕರಾವಳಿಗೆ ದಂಡೆತ್ತಿ ಬಂದ ಪೋರ್ಚುಗೀಸರ ಬಾವುಟ ಹಾರಿಸುವುದು ಸರಿಯಲ್ಲ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ ಕಡಲ ತೀರದವರು ನಾವು. ಮಾತಿನ ತೂಕ ನಮಗೆ ಅರ್ಥವಾಗುತ್ತದೆ. ನಮಾಝಿನ ಮಾತೂ ಖರ್ಚಿನ ಮಾತೂ ನ್ಯಾಯವೇ. ಒಂದು ಫ್ಲೆಕ್ಸಿನ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಪುಸ್ತಕ ಬರುತ್ತದೆ. ಆದರೆ ರೊನಾಲ್ಡೊನ ಬಾವುಟ ಕಟ್ಟಿದ ಹದಿನಾಲ್ಕರ ಹುಡುಗ ವಾಸ್ಕೋ ಡ ಗಾಮನ ಕಡೆಯವನಲ್ಲ. ಅವನಿಗೆ ಅಬ್ಬಕ್ಕನ ಕತೆಯನ್ನೂ ಹೇಳೋಣ. ಬಾವುಟ ಇಳಿಸುವುದೋ ಬೇಡವೋ ಅವನಿಗೇ ಬಿಡೋಣ.

ಇಷ್ಟೆಲ್ಲ ತಿಳಿದ ನಾವೇ ಎರಡು ವಾರ ಕಳೆಯುವಷ್ಟರಲ್ಲಿ ಎಡವಿದೆವು. ಅದನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ಮೊರೊಕ್ಕೊ ಗೆಲ್ಲುತ್ತಾ ಬಂತು. ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್. ಆಫ್ರಿಕಾದಿಂದಲೂ ಅರಬ್ ಜಗತ್ತಿನಿಂದಲೂ ಸೆಮಿಫೈನಲ್ ತಲುಪಿದ ಮೊದಲ ತಂಡ. ಗೆದ್ದವರು ಮೈದಾನದಲ್ಲಿ ಸುಜೂದ್ ಮಾಡಿದರು. ಹಕೀಮಿ ಎಂಬ ಆಟಗಾರ ಗ್ಯಾಲರಿಯ ಬಳಿ ಹೋಗಿ ತಾಯಿಯಿಂದ ಮುತ್ತು ಪಡೆದ. ಮ್ಯಾಡ್ರಿಡ್‌ನಲ್ಲಿ ಮನೆಗಳನ್ನು ಶುಚಿಮಾಡಿ ಮಗನನ್ನು ಬೆಳೆಸಿದ ತಾಯಿ, ತಲೆಗೆ ನಮ್ಮ ಉಮ್ಮನಂತೆಯೇ ಬಟ್ಟೆ. ಟಿ.ವಿ. ಮುಂದೆ ಯಾವತ್ತೂ ಕೂರದ ನಮ್ಮ ಉಮ್ಮ ಅಂದು ಎದ್ದು ಹೋಗಲಿಲ್ಲ. ನಮ್ಮವರು ಎಂಬ ಭಾವ ಬಂದದ್ದು ಸುಳ್ಳಲ್ಲ, ಅದಕ್ಕೆ ನಾಚಿಕೆಯೂ ಇಲ್ಲ.

ಡಿಸೆಂಬರ್ 14ರ ಬೆಳಗಾಗುವಷ್ಟರಲ್ಲಿ ಅರ್ಜೆಂಟೀನಾ ಕ್ರೊವೇಷಿಯಾವನ್ನು ಸೋಲಿಸಿ ಫೈನಲ್ ತಲುಪಿತ್ತು. ಆ ರಾತ್ರಿ ಮೊರೊಕ್ಕೊ ಫ್ರಾನ್ಸನ್ನು ಸೋಲಿಸಿದರೆ ಫೈನಲಿನಲ್ಲಿ ಎರಡೂ ಎದುರುಬದುರು. ಇಶಾ ನಮಾಝ್ ಮುಗಿಸಿ ಚಾದಂಗಡಿಯಲ್ಲಿ ಕುಳಿತಿದ್ದಾಗ ಅದೇ ಮಾತು. ದೋಹಾದ ಹುಡುಗ ಫೋನಿನಲ್ಲಿದ್ದ. "ನನಗೆ ಮೊರೊಕ್ಕೊ ಇಷ್ಟ. ಆದರೆ ಎದುರಾದರೆ ನಾನು ಅರ್ಜೆಂಟೀನಾವೇ" ಎಂದ. ನಮ್ಮಲ್ಲೊಬ್ಬ ಥಟ್ಟನೆ ಹೇಳಿದ: "ಅದು ಹೇಗಾಗುತ್ತದೆ? ನೀನು ನಮ್ಮವನೋ ಅಲ್ಲವೋ?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮೂವತ್ತಾರು ವರ್ಷಗಳ ಹಿಂದಿನ ಕ್ಷೌರದಂಗಡಿ ನಮ್ಮ ಚಾದಂಗಡಿಗೆ ಬಂದು ಕುಳಿತಿತ್ತು. ಅಂದು ಪ್ರಶ್ನೆ ಕೇಳಿಸಿಕೊಂಡು ತಲೆ ತಗ್ಗಿಸಿದ್ದವರು ಇಂದು ಅದೇ ಪ್ರಶ್ನೆಯನ್ನು ನಮ್ಮದೇ ಹುಡುಗನಿಗೆ ಕೇಳಿದ್ದೆವು. ಯುರೋಪಿನವರು ಅವನ ಮುಖ ನೋಡಿ ನೀನು ಅರ್ಜೆಂಟೀನಾ ಆಗಲು ಸಾಧ್ಯವಿಲ್ಲ ಎಂದಿದ್ದರು. ನಾವು ಅವನ ಹೆಸರು ನೋಡಿ ಹಾಗೆ ಹೇಳಿದೆವು. ಅವನು ಅತ್ತ ಕಡೆಯಿಂದ, "ಸರಿ ಮಾಮ, ಡ್ಯೂಟಿಗೆ ಹೊತ್ತಾಯಿತು" ಎಂದು ಫೋನ್ ಇಟ್ಟ. ಅವನಿಗೆ ರಾತ್ರಿ ಪಾಳಿ ಇರುವುದಿಲ್ಲ ಎಂದು ನಮಗೆ ಗೊತ್ತಿತ್ತು.

ಆ ರಾತ್ರಿ ಫ್ರಾನ್ಸ್ 2-0ಯಿಂದ ಗೆದ್ದಿತು. ಮೊರೊಕ್ಕೊ ಸೋತದ್ದಕ್ಕೆ ಬೇಸರವಾಯಿತು. ಅದರ ಜೊತೆಗೆ, ಇನ್ನು ಉತ್ತರ ಹೇಳಬೇಕಾಗಿಲ್ಲವೆಂಬ ಸಮಾಧಾನವೂ ಆಯಿತು. ಆ ಸಮಾಧಾನದ ಬಗ್ಗೆ ಮಾತ್ರ ನಮಗೆ ನಾಚಿಕೆಯಿದೆ. ಮೊರೊಕ್ಕೊ ತಂಡದ 26 ಮಂದಿಯಲ್ಲಿ 14 ಮಂದಿ ಮೊರೊಕ್ಕೊದ ಹೊರಗೆ ಹುಟ್ಟಿದವರು. ಹುಟ್ಟಿದ ದೇಶ ಒಂದು, ಆಡುವ ದೇಶ ಇನ್ನೊಂದು. ಯಾರ ಕಡೆ ಎಂಬ ಪ್ರಶ್ನೆ ಅವರನ್ನೂ ಬಾಲ್ಯದಿಂದ ಹಿಂಬಾಲಿಸಿದ್ದೇ. ಜರ್ಮನಿಗೆ ಆಡಿದ ಮೆಸುತ್ ಓಜಿಲ್ 2018ರಲ್ಲಿ ತಂಡ ಬಿಟ್ಟಾಗ, ಗೆದ್ದರೆ ತಾನು ಜರ್ಮನ್, ಸೋತರೆ ವಲಸಿಗ ಎಂದು ನೊಂದು ಹೇಳಿದ್ದರು. ಅದನ್ನು ಓದಿ ನಾವು ಎಷ್ಟು ಮರುಗಿದ್ದೆವು! ಮರುಗುವುದು ಸುಲಭ, ನಮ್ಮ ಚಾದಂಗಡಿಯಲ್ಲಿ ನೆನಪಿಟ್ಟುಕೊಳ್ಳುವುದು ಕಷ್ಟ.

ಮರುದಿನ ನಾವೇ ಫೋನ್ ಮಾಡಿದೆವು. ಕ್ಷಮೆ ಎಂಬ ಪದ ನಮ್ಮ ಮನೆಗಳಲ್ಲಿ ಹಿರಿಯರ ಬಾಯಿಗೆ ಸುಲಭವಾಗಿ ಬರುವುದಿಲ್ಲ. "ಭಾನುವಾರ ಎಲ್ಲಿ ನೋಡುತ್ತೀಯ?" ಎಂದು ಕೇಳಿದೆವು. "ರೂಮಿನಲ್ಲಿ, ಹನ್ನೊಂದು ಜನ ಇದ್ದೇವೆ" ಎಂದ. ಫೈನಲ್ ನಡೆದ ಲುಸೈಲ್ ಸ್ಟೇಡಿಯಂ ಅವನಿರುವ ಊರಿನಲ್ಲೇ ಇದ್ದಂತೆ. ಅದನ್ನು ಕಟ್ಟಿದ ಕೂಲಿಗಳಂತೆ ಅವನಿಗೂ ಫೈನಲಿನ ಟಿಕೆಟ್ ಎಟುಕುವಂಥದ್ದಾಗಿರಲಿಲ್ಲ.

ಡಿಸೆಂಬರ್ 18ರ ರಾತ್ರಿ ನಾವೆಲ್ಲ ತಂಗಿಯ ಮನೆಯಲ್ಲಿ ಸೇರಿದೆವು. ದೊಡ್ಡಣ್ಣನೂ ಬಂದ. ಅವನ ಬ್ರೆಜಿಲ್ ಕ್ರೊವೇಷಿಯಾಕ್ಕೆ ಸೋತು ಒಂಬತ್ತು ದಿನವಾಗಿತ್ತು. ಬಂದವನೇ, "ನಾನು ಫ್ರಾನ್ಸ್" ಎಂದು ಗೋಡೆಗೆ ಒರಗಿದ. 1986ರಲ್ಲಿ ಅವನನ್ನು ಅಳಿಸಿದ್ದು ಅದೇ ಫ್ರಾನ್ಸ್ ಎಂದು ನೆನಪಿಸಿದೆವು. "ಇರಲಿ, ಆದರೆ ಬ್ರೆಜಿಲಿನವನು ಅರ್ಜೆಂಟೀನಾ ಆಗಲಿಕ್ಕುಂಟಾ ಮಾರಾಯ?" ಎಂದ. 3-3 ಆಗಿ, ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಾಗ ನಾವೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ದೊಡ್ಡಣ್ಣ ಚಪ್ಪಲಿ ಮೆಟ್ಟಿ ಹೊರಡಲು ಎದ್ದ. ಅಷ್ಟರಲ್ಲಿ ವೀಡಿಯೊ ಕಾಲ್ ಬಂತು. ಹನ್ನೊಂದು ಜನರ ಕೂಗಿನ ನಡುವೆ ಹುಡುಗ ಮಾತಾಡಲಾಗದೆ ಅಳುತ್ತಿದ್ದ. ತಿಳಿನೀಲಿ ಪಟ್ಟೆಯ ಅಂಗಿ, ಮೆರವಣಿಗೆಯ ವೀಡಿಯೊದಲ್ಲಿದ್ದದ್ದೇ.

ದೊಡ್ಡಣ್ಣ ಫೋನನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಆಮೇಲೆ, "ಅಳು, ಅಳು. ಇಪ್ಪತ್ತು ವರ್ಷ ಕಾದಿದ್ದೀಯ. ನಾವು 2002ರಿಂದ ಕಾಯುತ್ತಾ ಇದ್ದೇವೆ" ಎಂದ.